ಆರನೆಯ ಫೋಟೊ, ಏಳನೆಯ ಫೋಟೊ

ನಮ್ಮಣ್ಣನ ಮಗಳನ್ನು ಅವಳು ಕೆಲಸ ಮಾಡುವ ಕಡೆ ಎಲ್ಲರೂ ನಡುಚಿತ್ರದಕ್ಕ ಎಂದೇ ಕರೆಯುತ್ತಾರೆ. ಆ ಹೆಸರಿಟ್ಟವನು ನಾನೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ನನ್ನ ಬೆಳಕಿನ ಮೇಜಿನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತಾಗ ನಾನು ಆ ಕಸುಬಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಅದಕ್ಕೂ ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ. ಯಾವ ಚಿತ್ರಶಾಲೆಯ ಹೊಸಿಲನ್ನೂ ತುಳಿದವನಲ್ಲ. ಕೈಗೆ ಕಣ್ಣೇ ಗುರು, ಕಣ್ಣಿಗೆ ಹೊಟ್ಟೆಯೇ ಗುರು.

ಬೆಳಕಿನ ಮೇಜು ಎಂದರೆ ದೊಡ್ಡದೇನಲ್ಲ. ಕೆಳಗೊಂದು ಟ್ಯೂಬ್‌ಲೈಟು, ಮೇಲೊಂದು ಗಾಜು. ಬರೆದ ಹಾಳೆಯ ಮೇಲೆ ಖಾಲಿ ಹಾಳೆ ಹಾಸಿದರೆ ಕೆಳಗಿನ ಚಿತ್ರ ಕಾಣುತ್ತದೆ. ಕಾರ್ಟೂನು ಚಿತ್ರಗಳಲ್ಲಿ ದೊಡ್ಡ ಕಲಾವಿದರು ಮುಖ್ಯ ಚಿತ್ರಗಳನ್ನಷ್ಟೇ ಬರೆದು ಎದ್ದು ಹೋಗುತ್ತಿದ್ದರು. ಒಂದು ಹಾಳೆಯಲ್ಲಿ ಬೆಕ್ಕು ನೆಲದ ಮೇಲೆ ಕೂತಿದೆ, ಇನ್ನೊಂದರಲ್ಲಿ ಗೋಡೆಯ ಮೇಲೆ ಕೂತಿದೆ. ನೆಲದಿಂದ ಗೋಡೆಗೆ ಅದು ಹಾರಿದ್ದು ಹೇಗೆ ಎಂದು ತೋರಿಸುವ ಹನ್ನೊಂದು ನಡುಚಿತ್ರ ಬರೆಯುವುದು ನಮ್ಮ ಪಾಲು. ಹೆಸರು ಅವರಿಗೆ, ಬೆನ್ನುನೋವು ನಮಗೆ.

ಮುಖ್ಯ ಚಿತ್ರದ ಅಂಚಿನಲ್ಲಿ ಅವರು ಒಂದು ಪುಟ್ಟ ಏಣಿ ಗೀಚಿರುತ್ತಿದ್ದರು. ಮೆಟ್ಟಿಲು ಒತ್ತೊತ್ತಾಗಿದ್ದರೆ ಬೆಕ್ಕು ನಿಧಾನ, ದೂರದೂರವಿದ್ದರೆ ವೇಗ. ಹೊರಡುವಾಗಲೂ ಮುಟ್ಟುವಾಗಲೂ ಒತ್ತಾಗಿ, ನಡುವೆ ಬಿಡಿಬಿಡಿಯಾಗಿ ಮೆಟ್ಟಿಲು ಹಾಕಿದ್ದರೆ ಚಲನೆ ಜೀವಂತವಾಗಿರುತ್ತದೆ. ಲೋಕದಲ್ಲಿ ತೂಕವಿರುವ ಯಾವುದೂ ಥಟ್ಟನೆ ಹೊರಡುವುದಿಲ್ಲ, ಥಟ್ಟನೆ ನಿಲ್ಲುವುದೂ ಇಲ್ಲ. ಏಣಿಯ ಬದಲು ಬರೀ ಒಂದು ಅಡ್ಡಗೀಟು ಇದ್ದರೆ ಅದರ ಅರ್ಥ ಬೇರೆ. ಇಲ್ಲಿ ಬೆಕ್ಕು ಸುಮ್ಮನಿದೆ, ನಡುಚಿತ್ರ ಬರೆಯಬೇಡ, ಒಂದೇ ಹಾಳೆಯನ್ನು ಕ್ಯಾಮರಾದ ಕೆಳಗೆ ಹಾಗೇ ಇಡು.

ಮೊದಲ ವಾರ ಆ ಗೀಟು ನೋಡಿ ಅವಳು ಪೆನ್ಸಿಲು ಕೆಳಗಿಟ್ಟಳು. "ಚಿಕ್ಕಪ್ಪ, ಸುಮ್ನೆ ಕೂತ್ಕೊಳ್ಳೋದಕ್ಕೂ ಸಂಬಳ ಕೊಡ್ತಾರಾ?" ಎಂದಳು.

"ಸುಮ್ಮನಿರೋದೇ ಕಷ್ಟ ಕಣೇ. ನಿಂತಿರೋ ಬೆಕ್ಕಿನ ಮೇಲೆ ನೀನು ಮತ್ತೆ ಮತ್ತೆ ಪೆನ್ಸಿಲ್ ಆಡಿಸಿದ್ರೆ ಅದಕ್ಕೆ ಚಳಿಜ್ವರ ಬರುತ್ತೆ" ಎಂದೆ.

ಮಾತು ತಮಾಷೆಯದಾದರೂ ಕೆಲಸ ನಿಜದ್ದು. ಒಂದೇ ಚಿತ್ರವನ್ನು ಹತ್ತು ಸಲ ತಿದ್ದಿ ಬರೆದರೆ ಗೆರೆಗಳು ಕೂದಲೆಳೆಯಷ್ಟು ಅತ್ತಿತ್ತ ಸರಿದು ತೆರೆಯ ಮೇಲೆ ಬೆಕ್ಕು ಗಡಗಡ ನಡುಗುತ್ತದೆ. ಎಲ್ಲಿ ಬರೆಯಬಾರದು ಎಂಬುದನ್ನು ನಮ್ಮ ಮಗಳು ನನಗಿಂತ ಬೇಗ ಕಲಿತಳು. ಅದು ಅವಳ ದೊಡ್ಡಸ್ತಿಕೆ ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಅದಕ್ಕೇ ಮುಂದೆ ನಡೆದದ್ದು ನನಗೂ ತಟ್ಟಿತು.

ಕಂಪ್ಯೂಟರು ಬಂತು. ಬೆಳಕಿನ ಮೇಜುಗಳು ಮೂಲೆ ಸೇರಿದವು, ಅವುಗಳ ಹಿಂದೆ ನಾನೂ ಸೇರಿದೆ. ಅವಳು ಸೇರಲಿಲ್ಲ. ಮೂವತ್ತೆಂಟರ ವಯಸ್ಸಿನಲ್ಲಿ ಒಂದು ನೋಟ್‌ಬುಕ್ ಹಿಡಿದುಕೊಂಡು, ಯಾರ ಹಂಗೂ ಇಲ್ಲದೆ ಕಲಿತಳು. ಮನೆತನದ ರಕ್ತ ಎಂದು ನಾನು ಬೀಗಿದರೆ, ರಕ್ತವಲ್ಲ, ಹಠ ಎಂದು ಅವಳಮ್ಮ ನನ್ನ ಬಾಯಿ ಮುಚ್ಚಿಸಿದಳು. ಟೈರ್ ಅಂಗಡಿಯ ಮೇಲೆ ಅವಳು ಕೆಲಸ ಮಾಡುವ ಮೂರು ಕೋಣೆಯ ಕಾರ್ಯಾಗಾರದಲ್ಲಿ ಈಗ ಏಳು ಜನ ಪರದೆಗಳ ಮುಂದೆ ಕೂರುತ್ತಾರೆ. ಅವರಲ್ಲಿ ಅವಳೇ ಹಿರಿಯಳು. ನಾನು ಮಧ್ಯಾಹ್ನದ ಚಹಾದ ಹೊತ್ತಿಗೆ ಹೋಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಬರುತ್ತೇನೆ. ಕೆಳಗಿನಿಂದ ಗಾಳಿ ತುಂಬುವ ಸದ್ದು, ರಬ್ಬರಿನ ವಾಸನೆ.

ಕಂಪ್ಯೂಟರಿನಲ್ಲಿ ಮುಖ್ಯ ಚಿತ್ರಗಳನ್ನು ಇಟ್ಟರೆ ಸಾಕು, ನಡುವಿನದನ್ನು ಅದೇ ತುಂಬುತ್ತದೆ. ಪ್ರತಿ ಮುಖ್ಯ ಚಿತ್ರವೂ ಪರದೆಯ ಕೆಳಭಾಗದಲ್ಲಿ ಒಂದು ಚುಕ್ಕಿ. ಚುಕ್ಕಿಯಿಂದ ಚುಕ್ಕಿಗೆ ಒಂದು ಗೆರೆ. ಗೆರೆ ಹೇಗೆ ಬಾಗುತ್ತದೋ ಚಲನೆ ಹಾಗೆ ಸಾಗುತ್ತದೆ. ಅದನ್ನು ಪಳಗಿಸಲು ಪ್ರತಿ ಚುಕ್ಕಿಗೂ ಮೂರು ಅಂಕಿ ಇವೆ. ಅವಕ್ಕೆ ಅವಳಿಟ್ಟ ಹೆಸರು ಬಿಗಿ, ಬೆಸುಗೆ, ವಾಲು. ಬಿಗಿ ಹೆಚ್ಚಿಸಿದರೆ ಚಲನೆ ಚುಕ್ಕಿಯ ಬಳಿ ತಾಳಿ ನಿಲ್ಲುತ್ತದೆ, ಕಮ್ಮಿ ಮಾಡಿದರೆ ಉಬ್ಬಿಕೊಂಡು ಹಾದು ಹೋಗುತ್ತದೆ. ಬೆಸುಗೆ ಬಿಡಿಸಿದರೆ ಚುಕ್ಕಿಯ ಬಳಿ ಥಟ್ಟನೆ ತಿರುವು, ಬೆಸೆದರೆ ನಯ. ವಾಲು ಎಂದರೆ ಬಾಗು ಚುಕ್ಕಿಗೆ ಮುಂಚೆ ಬೀಳಬೇಕೋ ಆಮೇಲೆ ಬೀಳಬೇಕೋ ಎಂಬುದು. ಏಣಿಯ ಕೆಲಸವೇ, ಏಣಿಯನ್ನು ಯಂತ್ರ ಹತ್ತುತ್ತದೆ ಅಷ್ಟೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದೇ ತಪ್ಪು.

ಎರಡು ವರ್ಷದ ಹಿಂದೆ ಒಂದು ಉಕ್ಕಿನ ಕಾರ್ಖಾನೆಯಿಂದ ಕೆಲಸ ಬಂತು. ಅಲ್ಲಿಯ ದೊಡ್ಡ ಶೆಡ್ಡಿನಲ್ಲಿ ಮಾಡಿನ ಕೆಳಗೆ ಹಳಿಗಳ ಮೇಲೆ ಓಡುವ ಒಂದು ಕ್ರೇನಿದೆ. ಅದರಿಂದ ಉಕ್ಕಿನ ಹಗ್ಗದಲ್ಲಿ ತೂಗುಬಿಟ್ಟು ಒಯ್ಯುತ್ತಿದ್ದ ದಪ್ಪ ಕಬ್ಬಿಣದ ಹಲಗೆಯೊಂದು ಒಂದು ಕಡೆಯಿಂದ ಕಳಚಿ ಬಿದ್ದು, ಹಲಗೆ ಇದರಾಚೆ ಬರಬಾರದು ಎಂದು ನೆಲಕ್ಕೆ ಬಳಿದ ಹಳದಿ ಗೆರೆಯ ಬಳಿ ನಿಂತಿದ್ದ ಫಿಟ್ಟರನ ಕಾಲು ಮುರಿದಿತ್ತು. ಉಕ್ಕಿನ ಹಗ್ಗ ತುಂಡಾಗಿತ್ತು, ಅದರಲ್ಲಿ ತಕರಾರಿಲ್ಲ. ಯಾಕೆ ತುಂಡಾಯಿತು ಎಂಬುದೇ ವಿಚಾರಣೆ. ಕ್ರೇನಿನವನು ಗೆರೆ ದಾಟಿಸಿ, ಗಾಬರಿಯಿಂದ ಹಿಂದಕ್ಕೆ ಜಗ್ಗಿದ, ಆ ಜಗ್ಗಿಗೆ ಹಗ್ಗ ಹರಿಯಿತು ಎಂದು ಕಂಪನಿಯ ವಾದ. ಗೆರೆಗೆ ಒಂದಡಿ ಮುಂಚೆಯೇ ನಿಲ್ಲಿಸಿದ್ದೆ, ನಿಂತ ಮೇಲೆ ಹರಿಯಿತು, ಹಗ್ಗ ಹಳೆಯದು ಎಂದು ಅವನ ವಾದ. ಮೊದಲನೆಯದು ನಿಜವಾದರೆ ಇಪ್ಪತ್ತಾರು ವರ್ಷದ ಅವನ ನೌಕರಿ ಹೋಗುತ್ತದೆ. ಎರಡನೆಯದು ನಿಜವಾದರೆ ಹೊಣೆ ಕಂಪನಿಯದು. ಫಿಟ್ಟರನಿಗೆ ಬಿದ್ದದ್ದೊಂದು ಬಿಟ್ಟು ಬೇರೇನೂ ನೆನಪಿಲ್ಲ.

ಶೆಡ್ಡಿನ ಕ್ಯಾಮರಾ ಆರು ಸೆಕೆಂಡಿಗೊಂದು ಫೋಟೊ ತೆಗೆಯುವಂಥದ್ದು. ಹೀಗಾಗಿ ಸಿಕ್ಕಿದ್ದು ಒಂಬತ್ತು ಫೋಟೊ. ಐದನೆಯದರಲ್ಲಿ ಹಲಗೆ ಗೆರೆಗೆ ಇಪ್ಪತ್ತಡಿ ದೂರ. ಆರನೆಯದರಲ್ಲಿ ಒಂದಡಿ ದೂರ. ಏಳನೆಯದರಲ್ಲೂ ಅಲ್ಲೇ, ಅದೇ ಒಂದಡಿ. ಎಂಟನೆಯದರಲ್ಲಿ ಹಗ್ಗ ಹರಿದು ಹಲಗೆಯ ಒಂದು ತುದಿ ನೆಲ ಕಚ್ಚಿದೆ. ಈ ಒಂಬತ್ತನ್ನು ಜೋಡಿಸಿ, ನಡೆದದ್ದು ನಡೆದ ಹಾಗೆ ಕಾಣುವಂತೆ ಒಂದು ಚಿತ್ರ ಮಾಡಿಕೊಡಿ ಎಂದು ವಿಚಾರಣೆಯವರು ಕೇಳಿದ್ದರು.

ಅವಳಿಗೆ ಇದು ಎಡಗೈ ಕೆಲಸ. ಒಂಬತ್ತು ಫೋಟೊ ಎಂದರೆ ಒಂಬತ್ತು ಚುಕ್ಕಿ. ಮೊದಲು ಚುಕ್ಕಿಗಳ ನಡುವೆ ನೇರ ಗೆರೆ ಎಳೆದು ತೋರಿಸಿದಳು. ಹಲಗೆ ಒಂದೇ ವೇಗದಲ್ಲಿ ಬಂದು ಗೋಡೆಗೆ ಹೊಡೆದ ಹಾಗೆ ನಿಂತಿತು. ಮಕ್ಕಳ ರೈಲಿನ ಹಾಗಿದೆ ಎಂದು ಕಾರ್ಯಾಗಾರದ ಯಜಮಾನರು ನಕ್ಕರು. ಅವಳು ಒಂಬತ್ತೂ ಚುಕ್ಕಿಗಳನ್ನು ಒಟ್ಟಿಗೆ ಹಿಡಿದು ಒಂದೇ ಸಲಕ್ಕೆ ನಯ ಮಾಡಿದಳು. ನಮ್ಮ ಕಸುಬಿನವರ ಕೈಗೆ ಅಂಟಿದ ಚಾಳಿ ಅದು. ಒರಟು ಕಂಡರೆ ಉಜ್ಜುತ್ತೇವೆ. ಆ ದಿನ ನಾನೂ ಕಿಟಕಿಯ ಪಕ್ಕ ಕೂತಿದ್ದೆ. ಹಲಗೆ ತೇಲಿ ಬರುವುದನ್ನು ನೋಡಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗಿದೆ ಎಂದು ಹೊಗಳಿದೆ. ನಡೆದದ್ದು ಹೀಗೇ ಎಂಬ ಕಾಗದಕ್ಕೆ ಅವಳ ಸಹಿಯೂ ಬಿದ್ದು ಚಿತ್ರ ವಿಚಾರಣೆಗೆ ಹೋಯಿತು.

ಹತ್ತು ದಿನವಾದ ಮೇಲೆ ಚಹಾದ ಹೊತ್ತಿಗೆ ಒಬ್ಬ ಮನುಷ್ಯ ಮೆಟ್ಟಿಲು ಹತ್ತಿ ಬಂದ. ಐವತ್ತರ ಆಚೆಯ ವಯಸ್ಸು, ಅಗಲ ಭುಜ, ಇಸ್ತ್ರಿ ಮಾಡಿದ ಅಂಗಿ. ಬಾಗಿಲಲ್ಲೇ ನಿಂತು, ಕ್ರೇನಿನ ಚಿತ್ರ ಮಾಡಿದವರು ಯಾರು ಎಂದು ಕೇಳಿದ. ಆ ಕ್ರೇನು ನಡೆಸಿದವನೇ ಅವನು. ಜಗಳಕ್ಕೆ ಬಂದಿದ್ದಾನೆ ಎಂದು ನಾನು ಊರುಗೋಲು ಹತ್ತಿರಕ್ಕೆಳೆದುಕೊಂಡೆ. ಅವನು ಕೇಳಿದ್ದು ಚಿತ್ರವನ್ನು ಇನ್ನೊಂದು ಸಲ ತೋರಿಸುತ್ತೀರಾ ಎಂದು, ಅಷ್ಟೆ.

ಅವಳು ತೋರಿಸಿದಳು. ಆರನೆಯ ಫೋಟೊದ ಜಾಗ ಬಂತು. ಹಲಗೆ ನಿಲ್ಲಲಿಲ್ಲ. ಮೆಲ್ಲಗೆ ಹಳದಿ ಗೆರೆಯನ್ನು ಅರ್ಧ ಅಡಿ ದಾಟಿ, ಮೆಲ್ಲಗೆ ಹಿಂದೆ ಸರಿದು, ಏಳನೆಯ ಫೋಟೊದ ಹೊತ್ತಿಗೆ ಮೊದಲಿನ ಜಾಗಕ್ಕೆ ಬಂತು. ಮರುಗಳಿಗೆ ಹಗ್ಗ ಹರಿಯಿತು.

"ಇದನ್ನ ನೋಡಿ ಅವರೆಲ್ಲ ನನ್ನ ಕಡೆ ತಿರುಗಿದ್ರು ಮೇಡಂ" ಎಂದ. "ನನ್ನ ಮಗನೂ ತಿರುಗಿದ. ನಾನು ನಿಲ್ಲಿಸಿದ್ದೆ. ನನ್ನ ಮಾತು ಬೇಡ ಬಿಡಿ. ಇದು ತೂಗಾಡೋ ವಸ್ತು. ತೂಗಾಡೋದು ಒಂದು ಸಲ ಮುಂದೆ ಹೋಗಿ ಒಂದು ಸಲ ಹಿಂದೆ ಬಂದು ಗಪ್ಪಂತ ನಿಂತ್ಕೊಳ್ಳಲ್ಲ."

ಜೇಬಿನಿಂದ ಬೂಟಿನ ಲೇಸಿಗೆ ಕಟ್ಟಿದ ಬೀಗದ ಕೈ ತೆಗೆದ. ಕಾರ್ಖಾನೆಯಲ್ಲಿ ಅವನ ಬಟ್ಟೆಯ ಪೆಟ್ಟಿಗೆಯದು. ಕೆಲಸದಿಂದ ಹೊರಗಿಟ್ಟವರು ಅದನ್ನು ವಾಪಸು ಕೇಳಲು ಮರೆತಿದ್ದರು. ಲೇಸನ್ನು ಬೆರಳಿಗೆ ತೂಗುಬಿಟ್ಟು ಕೈಯನ್ನು ಮೇಜಿನುದ್ದಕ್ಕೆ ಸರಿಸಿ ಥಟ್ಟನೆ ನಿಲ್ಲಿಸಿದ. ಬೀಗದ ಕೈ ಮುಂದೆ ಹಿಂದೆ, ಮುಂದೆ ಹಿಂದೆ ಆಡಿತು. ಹನ್ನೊಂದು ಸಲ ಎಣಿಸಿದೆವು. ಎರಡನೆಯ ಸಲ ಕೈ ನಿಲ್ಲಿಸಿದ ಮೇಲೆ, ಬೀಗದ ಕೈ ಮುಂದಕ್ಕೆ ಹೊರಟ ಗಳಿಗೆಯಲ್ಲಿ ಬೆರಳನ್ನೂ ಎಳ್ಳಷ್ಟು ಅದರ ಹಿಂದೆ ಬಿಟ್ಟ. ಅದು ಆಣಿ ಹೊಡೆದ ಹಾಗೆ ನಿಂತಿತು. "ನಾವು ಮಾಡೋದು ಹೀಗೆ" ಎಂದ. ಚಹಾ ಕುಡಿದು, ಮುಂದಿನ ವಿಚಾರಣೆ ಎಂಟು ದಿನಕ್ಕೆ ಎಂದು ಹೇಳಿ, ಮೆಟ್ಟಿಲಿಳಿದು ಹೋದ. ಅವಳನ್ನು ಅವನು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಅವಳು ಚುಕ್ಕಿಗಳ ಗೆರೆ ತೆರೆದಳು. ನಾನು ಕನ್ನಡಕ ಹಾಕಿಕೊಂಡು ಬಗ್ಗಿದೆ. ಹಲಗೆ ಮುಂದೆ ಹೋದಷ್ಟೂ ಮೇಲೇರುವ ಗೆರೆ ಐದರಿಂದ ಆರಕ್ಕೆ ಗುಡ್ಡ ಹತ್ತಿತ್ತು. ಆರು, ಏಳು ಒಂದೇ ಎತ್ತರದ ಚುಕ್ಕಿಗಳು. ಅವುಗಳ ನಡುವೆ ನೇರ ಗೆರೆ ಇರಬೇಕಾದ ಕಡೆ ಮುದುಕನ ಬೆನ್ನಿನ ಹಾಗೆ ಒಂದು ಗೂನು. ಆರನೆಯ ಚುಕ್ಕಿಯನ್ನು ನಯವಾಗಿ ದಾಟಬೇಕು ಎಂದು ಅಪ್ಪಣೆಯಾಗಿತ್ತಲ್ಲ, ಓಡಿ ಬಂದ ಗೆರೆ ಅಲ್ಲಿ ನಿಲ್ಲಲಾರದೆ ಮುಂದೆ ನುಗ್ಗಿ, ಏಳನೆಯದನ್ನು ಮುಟ್ಟಲು ಹಿಂತಿರುಗಿತ್ತು. ಕ್ರೇನಿನವನು ಜಗ್ಗಿದ್ದಕ್ಕೆ ಸಾಕ್ಷಿಯಾಗಿ ನಿಂತದ್ದು ಇದೇ ಗೂನು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ, ಕಂಪ್ಯೂಟರು. ಕೇಳಿದ್ದನ್ನು ಮಾಡಿತು.

"ಅಡ್ಡಗೀಟು ಹಾಕೋದು ಮರೆತೆ ಚಿಕ್ಕಪ್ಪ" ಎಂದಳು. ಹತ್ತೊಂಬತ್ತರ ವಯಸ್ಸಿನಲ್ಲಿ ಕಲಿತ ಮೊದಲ ಪಾಠ. ಪೆನ್ಸಿಲಿನಲ್ಲಾಗಿದ್ದರೆ ಈ ತಪ್ಪು ಅವಳಿಂದ ಆಗುತ್ತಲೇ ಇರಲಿಲ್ಲ. ನಿಂತ ಹಲಗೆಗೆ ನಡುಚಿತ್ರ ಬರೆಯಲು ಕೈಯೇ ಏಳುತ್ತಿರಲಿಲ್ಲ. ಇಲ್ಲಿ ಕೈ ಎತ್ತಬೇಕಾದದ್ದು ಬರೆಯುವುದಕ್ಕಲ್ಲ, ತಡೆಯುವುದಕ್ಕೆ. ಬೆಣ್ಣೆ ಎಂದು ಹೊಗಳಿದ್ದ ನಾನು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡೆ.

ಆರು ಮತ್ತು ಏಳರ ಬಿಗಿಯನ್ನು ಸೊನ್ನೆಯಿಂದ ಒಂದಕ್ಕೆ ಏರಿಸಿದಳು. ಗೂನು ಮಾಯ. ಹಲಗೆ ಬಂದು ಒಂದಡಿ ದೂರದಲ್ಲಿ ತಣ್ಣಗೆ ನಿಂತಿತು. ಯಜಮಾನರು ಬಂದು ನೋಡಿ ನಿಟ್ಟುಸಿರು ಬಿಟ್ಟರು. ತಿದ್ದಿದ್ದನ್ನು ಕಳಿಸಿಬಿಡು, ಸಣ್ಣ ದೋಷವಿತ್ತು ಎಂದು ಒಂದು ಸಾಲು ಬರೆ, ಸದ್ದಿಲ್ಲದೆ ಮುಗಿದು ಹೋಗಲಿ ಎಂದರು. ಕಾರ್ಯಾಗಾರದ ಹೆಸರು ಅವರಿಗೂ ಮುಖ್ಯ, ತಪ್ಪೇನಿಲ್ಲ. ಎಂಟು ದಿನದೊಳಗೆ ಕ್ರೇನಿನವನೂ ಬಚಾವು.

ಅವಳು ಕಳಿಸಲಿಲ್ಲ. ಬಿಗಿಯನ್ನು ಒಂದರಿಂದ ಸೊನ್ನೆಗೆ ತಂದಳು, ಸೊನ್ನೆಯಿಂದ ಒಂದಕ್ಕೆ ಒಯ್ದಳು. ಸೊನ್ನೆಯಾದರೆ ಅವನು ತಪ್ಪಿತಸ್ಥ, ಒಂದಾದರೆ ನಿರಪರಾಧಿ. ಅಷ್ಟು ಹಗುರವಾಗಿ ಒಬ್ಬ ಮನುಷ್ಯ ಈ ಕಡೆಯಿಂದ ಆ ಕಡೆಗೆ ಹೋಗಿಬರುತ್ತಿದ್ದ. ಮೊದಲಿನದು ಸುಳ್ಳಾದರೆ ಎರಡನೆಯದು ನಿಜ ಎಂದು ಹೇಳಲು ತಾನು ಯಾರು ಎಂಬುದು ಅವಳ ತೊಡಕು. ಹಗ್ಗ ಹಳೆಯದೋ ಹೊಸದೋ ಅವಳು ಕಂಡಿಲ್ಲ. ಅವನ ಬೀಗದ ಕೈ ಕಂಡದ್ದು ನಿಜ, ಆದರೆ ಬೀಗದ ಕೈ ಕಬ್ಬಿಣದ ಹಲಗೆಯಲ್ಲ.

ಮಾರನೆಯ ಬೆಳಿಗ್ಗೆ ಅವಳಮ್ಮ, ಎಂದರೆ ನಮ್ಮ ಅತ್ತಿಗೆ, ಬಟಾಣಿ ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಎಂಬತ್ತು ದಾಟಿದೆ, ನಾಲಿಗೆಗಿನ್ನೂ ಇಪ್ಪತ್ತು. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀನು ಯಾರೂ ಕಾಣದ್ದನ್ನೇ ಪ್ರತ್ಯಕ್ಷ ಮಾಡಿ ಕೊಟ್ಟೆಯಲ್ಲೇ" ಎಂದಳು. ನನ್ನ ಕಡೆ ತಿರುಗಿ, "ಗುರುಗಳು ಚಹಾ ಕುಡೀತಾ ಕೂತಿದ್ರಾ ಆಗ?" ಎಂದಳು. ನಾನು ಬಟಾಣಿ ಎಣಿಸಿದೆ.

ವಿಚಾರಣೆಯ ದಿನ ನಾನೂ ಹೋದೆ. ಉದ್ದನೆಯ ಕೋಣೆ, ಹಸಿರು ಬಟ್ಟೆ ಹೊದೆಸಿದ ಮೇಜು, ಒಂದು ತುದಿಯಲ್ಲಿ ಅಧಿಕಾರಿಗಳು ಮೂವರು. ಕಂಪನಿಯ ವಕೀಲ ಒಂದು ಕಡೆ, ಕ್ರೇನಿನವನೂ ಅವನ ಮಗನೂ ಇನ್ನೊಂದು ಕಡೆ. ಊರುಗೋಲಿನ ಫಿಟ್ಟರು ಗೋಡೆಯ ಪಕ್ಕ. ಅವಳು ತನ್ನ ಕಂಪ್ಯೂಟರನ್ನೇ ಹೊತ್ತು ತಂದಿದ್ದಳು. ತಾನು ಕೊಟ್ಟ ಚಿತ್ರದಲ್ಲಿ ತಪ್ಪಿದೆ ಎಂದು ಶುರು ಮಾಡಿ, ಅವರ ಕಣ್ಣೆದುರಿಗೇ ಆ ಅಂಕಿಯನ್ನು ತಿರುಗಿಸಿದಳು. ಸೊನ್ನೆಗೆ ಹಲಗೆ ಗೆರೆ ದಾಟಿತು. ಒಂದಕ್ಕೆ ನಿಂತಿತು. ಅರ್ಧಕ್ಕೆ ಗೆರೆಯ ಹತ್ತಿರ ಹೋಗಿ ಮುಟ್ಟದೆ ಬಂತು. ಮೂರು ಸಲವೂ ಒಂಬತ್ತು ಫೋಟೊ ಇದ್ದಲ್ಲೇ ಇದ್ದವು. ಅಧಿಕಾರಿಗಳು ಬರೆಯುವುದನ್ನು ನಿಲ್ಲಿಸಿದರು.

ಹಾಗಾದರೆ ಈ ಮೂರರಲ್ಲಿ ನಿಜ ಯಾವುದು ಎಂದು ಹಿರಿಯ ಅಧಿಕಾರಿ ಕೇಳಿದರು.

"ಒಂಬತ್ತು ಫೋಟೊ ನಿಜ ಸಾರ್. ಅವುಗಳ ಮಧ್ಯೆ ಇರೋದೆಲ್ಲ ನಾನು ಬರೆದದ್ದು" ಎಂದಳು.

ವಕೀಲ ಎದ್ದ. ಹೋದ ಸಲ ಹೀಗೇ ನಡೆಯಿತು ಎಂದು ಸಹಿ ಹಾಕಿದವರು ಇವತ್ತು ಗೊತ್ತಿಲ್ಲ ಎನ್ನುತ್ತೀರಿ, ಈ ನಡುವೆ ನಿಮ್ಮನ್ನು ಯಾರು ಬಂದು ಕಂಡರು ಎಂದು ಕೇಳಿದ. ಬಂದವರು ಯಾರೂ ಇಲ್ಲ ಎಂದು ಹೇಳಿದ್ದರೆ ಸಲೀಸಿತ್ತು. ಅವಳು ಕ್ರೇನಿನವರು ಬಂದಿದ್ದರು ಎಂದಳು. ಬೀಗದ ಕೈಯನ್ನು ತೂಗಿ ತೋರಿಸಿದರು, ಅದನ್ನು ನೋಡಿಯೇ ನನ್ನ ತಪ್ಪು ನನಗೆ ಹೊಳೆಯಿತು ಎಂದಳು. ಕೋಣೆಯಲ್ಲಿ ಗುಸುಗುಸು ಎದ್ದಿತು. ಕ್ರೇನಿನವನು ತಲೆ ತಗ್ಗಿಸಿದ. ಕೆಟ್ಟಿತು ಎಂದುಕೊಂಡೆ ನಾನು.

"ಅವರು ನಿಲ್ಲಿಸಿದ್ರು ಅಂತ ಹೇಳೋಕೆ ನಾನು ಬಂದಿಲ್ಲ" ಎಂದು ಅವಳು ಮುಂದುವರಿಸಿದಳು. "ಅವರು ಜಗ್ಗಿದ್ರು ಅಂತ ನಾನು ಹೇಳಿಬಿಟ್ಟಿದ್ದೀನಿ. ಅದನ್ನ ವಾಪಸ್ ತಗೊಳ್ಳೋಕೆ ಬಂದೆ."

ಕೊನೆಗೆ ತಾನು ಮಾಡಿತಂದ ಹೊಸ ಚಿತ್ರ ಹಾಕಿದಳು. ಅದರಲ್ಲಿ ಚಲನೆಯೇ ಇರಲಿಲ್ಲ. ಒಂದು ಫೋಟೊ, ಆರು ಸೆಕೆಂಡು ಖಾಲಿ ಪರದೆ, ಇನ್ನೊಂದು ಫೋಟೊ. ಆರು ಸೆಕೆಂಡು ಎಷ್ಟು ಉದ್ದ ಎಂದು ಆ ಕೋಣೆಯಲ್ಲಿ ಕೂತವರಿಗೆ ಅವತ್ತು ಗೊತ್ತಾಯಿತು. ಆರನೆಯ ಫೋಟೊ ಆದ ಮೇಲೆ ಪರದೆ ಖಾಲಿಯಾದಾಗ ಎಲ್ಲರೂ ಅದನ್ನೇ ನೋಡುತ್ತಿದ್ದರು, ಅಲ್ಲಿ ಏನೋ ಬರೆದಿದೆಯೇನೋ ಎಂಬಂತೆ. ಜಪಕ್ಕೆ ಕೂತ ಹಾಗೆ ಕೂತಿದ್ದ ಮೂರನೆಯ ಅಧಿಕಾರಿ, ಅದುವರೆಗೂ ಬಾಯಿ ಬಿಡದಿದ್ದವರು, ಆಗ ಒಂದು ಪ್ರಶ್ನೆ ಕೇಳಿದರು. ಹರಿದ ಹಗ್ಗ ಈಗ ಎಲ್ಲಿದೆ?

ಚಿತ್ರವಿದ್ದಾಗ ಹಗ್ಗ ಯಾರಿಗೂ ಬೇಕಿರಲಿಲ್ಲ. ಅದು ಉಗ್ರಾಣದಲ್ಲಿ ಚೀಟಿ ಕಟ್ಟಿಸಿಕೊಂಡು ಬಿದ್ದಿತ್ತು. ತರಿಸಿ ಪರೀಕ್ಷೆಗೆ ಕಳಿಸಿದರು. ತಿಂಗಳ ಮೇಲೆ ವರದಿ ಬಂತು. ಒಳಗಿನ ಎಳೆಗಳು ಬಹಳ ಹಿಂದೆಯೇ ತುಕ್ಕು ತಿಂದು ಒಂದೊಂದಾಗಿ ಹರಿದಿದ್ದವು, ಹೊಸದಾಗಿ ಹರಿದವು ಹೊರಗಿನ ಕೆಲವು ಮಾತ್ರ, ಸುಮ್ಮನೆ ತೂಗುಬಿಟ್ಟ ಭಾರಕ್ಕೂ ಹರಿಯಬಹುದಾಗಿದ್ದ ಹಗ್ಗ ಎಂದು ಅದರಲ್ಲಿತ್ತು. ಕ್ರೇನಿನವನು ಕೆಲಸಕ್ಕೆ ಮರಳಿದ. ಫಿಟ್ಟರನ ಚಿಕಿತ್ಸೆ ಕಂಪನಿಯ ತಲೆಗೆ ಬಂತು.

ನಮ್ಮ ಮಗಳಿಗೆ ಯಾರೂ ಹಾರ ಹಾಕಲಿಲ್ಲ. ಆ ಕಾರ್ಖಾನೆಯ ಕೆಲಸ ಮತ್ತೆ ಬರಲಿಲ್ಲ. ಯಜಮಾನರು ಒಂದು ತಿಂಗಳು ಅವಳ ಜೊತೆ ಚೀಟಿಯಲ್ಲಿ ಮಾತಾಡಿದರು. ಅವಳಿಗೆ ಬರಬೇಕಾಗಿದ್ದ ಮೇಲ್ವಿಚಾರಕಿಯ ಕುರ್ಚಿಯಲ್ಲಿ ಇನ್ನೊಬ್ಬ ಕೂತ. ಒಳ್ಳೆಯ ಹುಡುಗ, ಅಡ್ಡಗೀಟು ಎಂದರೆ ಏನು ಎಂದು ಅವಳನ್ನೇ ಕೇಳುತ್ತಾನೆ. ಅಪಘಾತದ ಚಿತ್ರ ಮಾಡುವಾಗೆಲ್ಲ ಅವಳು ಈಗ ಒಂದು ಪದ್ಧತಿ ಇಟ್ಟುಕೊಂಡಿದ್ದಾಳೆ. ಕಂಡದ್ದಕ್ಕೆ ಪೂರಾ ಬಣ್ಣ, ತಾನು ತುಂಬಿದ್ದಕ್ಕೆ ಬೂದು. ನೋಡಲು ಚಂದವಿಲ್ಲ ಎನ್ನುವವರಿಗೆ, ಚಂದದ್ದು ಒಂದು ಸಲ ಮಾಡಿದ್ದೆ ಎನ್ನುತ್ತಾಳೆ.

ಹೋದ ತಿಂಗಳು ಕ್ರೇನಿನವನು ಕಾರ್ಯಾಗಾರಕ್ಕೆ ಬಂದು, ಅಕ್ಕ, ನೀವು ಒಂದು ಸಲ ಮೇಲೆ ಹತ್ತಿ ನೋಡಬೇಕು ಎಂದು ಕರೆದ. ಮೇಡಂ ಹೋಗಿ ಅಕ್ಕ ಬಂದಿತ್ತು. ಶೆಡ್ಡಿನ ಮೇಲ್ವಿಚಾರಕನ ಒಪ್ಪಿಗೆಯನ್ನೂ ಅವನೇ ತಂದಿದ್ದ. ಮೇಲೆ ಕ್ರೇನಿನ ಕ್ಯಾಬಿನ್ನಿನಲ್ಲಿ ಅವರಿಬ್ಬರಿಗಷ್ಟೇ ಜಾಗ. ನನ್ನ ಮೊಣಕಾಲಿಗೆ ಆ ಏಣಿ ಆಗದ ಮಾತು. ತಲೆಗೊಂದು ಹಳದಿ ಟೋಪಿ ಹಾಕಿ ನನ್ನನ್ನು ಹಳದಿ ಗೆರೆಯಿಂದ ಸಾಕಷ್ಟು ಹಿಂದೆ ನಿಲ್ಲಿಸಿದರು.

ಶೆಡ್ಡಿನ ಆ ತುದಿಯಿಂದ ಒಂದು ಹಲಗೆ ಹೊರಟಿತು. ಮೆಟ್ಟಿಲು ಒತ್ತೊತ್ತಾಗಿ, ಆಮೇಲೆ ಬಿಡಿಬಿಡಿಯಾಗಿ, ಮತ್ತೆ ಒತ್ತೊತ್ತಾಗಿ. ಯಾರು ಕಲಿಸಿದರೋ ಇವನಿಗೆ. ಗೆರೆಗೆ ಒಂದಡಿ ದೂರದಲ್ಲಿ ಹಲಗೆ ಮುಂದಕ್ಕೆ ತೂಗಲು ಹವಣಿಸಿತು. ಮೇಲಿನ ಕ್ರೇನು ಎಳ್ಳಷ್ಟು ಅದರ ಹಿಂದೆ ಬಂತು. ಹಲಗೆ ನಿಂತಿತು. ನಾನು ಮನಸ್ಸಿನಲ್ಲೇ ಆರು ಎಣಿಸಿದೆ. ಅದು ಅಲುಗಲಿಲ್ಲ.

ಕೆಳಗಿಳಿದು ಬಂದ ಮೇಲೆ, ಮೇಲೆ ಏನು ಕಂಡೆ ಎಂದು ಕೇಳಿದೆ. ಅವಳು ಕೈಗಂಟಿದ ಗ್ರೀಸನ್ನು ಕರ್ಚೀಫಿನಿಂದ ಒರೆಸಿಕೊಳ್ಳುತ್ತ ಹೇಳಿದಳು.

"ಹಲಗೆ ನಿಂತ ತಕ್ಷಣ ಅವರು ಹಿಡಿಯಿಂದ ಕೈ ತೆಗೆದು ತೊಡೆ ಮೇಲೆ ಇಟ್ಕೊಂಡ್ರು ಚಿಕ್ಕಪ್ಪ. ಆ ಆರು ಸೆಕೆಂಡೂ ಕೈ ಅಲ್ಲೇ ಇತ್ತು."